‘ನಿನಗ ವಯಸ್ಸಾತು, ಜಾಗ ಬಿಡು’ ಅನ್ನುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಸೈಕಲ್ ಓಟದ ಬಗ್ಗೆ ಬರೆದಿದ್ದರು. ಮೂವತ್ತೈದು ದಾಟಿದ ಚಾಂಪಿಯನ್ನರು ಮರ್ಯಾದೆಯಿಂದ ಇಳಿದು ಹುಡುಗರಿಗೆ ಜಾಗ ಬಿಡಬೇಕು, ಬ್ರಿಟನ್ನಿನ ಸೈಕಲ್ ಓಟಗಾರ ಮಾರ್ಕ್ ಕ್ಯಾವೆಂಡಿಶ್ ಅಂಥವರು ದಾಖಲೆಯ ಆಸೆಗೆ ಬಿದ್ದು ಯಾರೋ ಒಬ್ಬ ಯುವಕನ ಅವಕಾಶ ಕಳೆದರು ಎಂಬುದು ಅವರ ವಾದ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕನ್ನಡ ಪತ್ರಿಕೆಯಲ್ಲಿ ಒಬ್ಬರು ಸೈಕಲ್ ಓಟದ ಬಗ್ಗೆ ಇಷ್ಟು ಯೋಚಿಸಿ ಬರೆದರಲ್ಲ ಎಂದು ಮೊದಲು ಸಂತೋಷವೇ ಆಯಿತು. ಆದರೆ ‘ಜಾಗ ಬಿಡಬೇಕು’ ಎನ್ನುವ ಮಾತು ಓದಿದಾಗ ಪೇಪರ್ ಮಡಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಕೂತೆ. ಆ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದವನು. ಆಗ ನನಗೆ 27 ವರ್ಷ.

ನಾನು ವಿಜಯಪುರದವನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೋಸ್ಟ್‌ಮನ್ ಆಗಿದ್ದೆ, ಈಗ ನಿವೃತ್ತ. ಅದಕ್ಕೂ ಮೊದಲು ಸೈಕಲ್ ಶರ್ಯತ್ತಿನವನು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಗೆ ಸೈಕಲ್ ಅಂದರೆ ಏನು ಎಂದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಊರ ಜಾತ್ರೆಯ ಶರ್ಯತ್ತಿನಿಂದ ಶುರು ಮಾಡಿ ರಾಷ್ಟ್ರಮಟ್ಟದ ಪದಕದವರೆಗೆ ಹೋದ ಹುಡುಗರು, ಹುಡುಗಿಯರು ಇಲ್ಲಿ ಬಹಳ. ನಾನು ಅಷ್ಟು ದೂರ ಹೋದವನಲ್ಲ. ಆದರೆ 1984ರಿಂದ ಆರು ವರ್ಷ, ಬೆಳಗ್ಗೆ ನಾಲ್ಕೂವರೆಗೆ ಎದ್ದು ಸೋಲಾಪುರ ರಸ್ತೆಯಲ್ಲಿ ಹೊರ್ತಿಯವರೆಗೆ ತುಳಿದು ಬಂದು, ಬಿಸಿ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದೆ.

1990ರಲ್ಲಿ ಒಂದು ಆಯ್ಕೆ ಟ್ರಯಲ್ ಇತ್ತು. ನಾಲ್ಕು ಮಂದಿಯನ್ನು ಆರಿಸುವವರಿದ್ದರು. ನಾನು ಮೂರನೆಯವನಾಗಿ ಬಂದೆ. ಸಂಜೆ ಪಟ್ಟಿ ಹಾಕಿದಾಗ ನನ್ನ ಹೆಸರಿರಲಿಲ್ಲ, ಐದನೆಯವನಾಗಿ ಬಂದ 19ರ ಹುಡುಗನ ಹೆಸರಿತ್ತು. ಆಯ್ಕೆಗೆ ಬಂದಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದರು: “ತಮ್ಮಾ, ನಿನಗ ವಯಸ್ಸಾತು. ಸಣ್ಣ ಹುಡುಗರಿಗೆ ಜಾಗ ಬಿಡು.” ನಾನು ಬಿಟ್ಟೆ. ಮರುದಿನ ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು, ಎದ್ದು ಕೂತೆ, ಸೈಕಲ್ ಹೊರಗೆ ತೆಗೆಯಲಿಲ್ಲ. ನನ್ನ ಕಾಲಿನಲ್ಲಿ ಶಕ್ತಿ ಕಡಿಮೆಯಾಗಿತ್ತೇ? ಹಿಂದಿನ ದಿನವಷ್ಟೇ ಗಡಿಯಾರ ಹಿಡಿದು ಅಳೆದಿದ್ದರು, ಆಗಿರಲಿಲ್ಲ. ಆದರೂ ಆ ಒಂದು ಮಾತು ಕಾಲಿಗೆ ಇಳಿದುಬಿಟ್ಟಿತು. ರೇಸ್ ಸೈಕಲ್ಲು ಗೋಡೆಯ ಮೊಳೆಗೆ ಹತ್ತು ವರ್ಷ ನೇತಾಡಿ, ರಿಮ್ಮಿಗೆ ತುಕ್ಕು ಹಿಡಿದ ಮೇಲೆ ಗುಜರಿಗೆ ಹೋಯಿತು. ನನ್ನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ತುಳಿಯುತ್ತಿದ್ದ, ಅವನ ಮೇಲೆ ನನಗೆ ಆಗಲೂ ಬೇಸರವಿರಲಿಲ್ಲ. ಅವನೂ 24ಕ್ಕೆ ನಿಲ್ಲಿಸಿದ.

ಈಗ ಕ್ಯಾವೆಂಡಿಶ್ ವಿಷಯಕ್ಕೆ ಬರುತ್ತೇನೆ. ಪತ್ರ ಬರೆದವರು ಅವರ ಹೆಸರು ಹೇಳಿದ್ದಾರೆ, ಕಥೆ ಹೇಳಿಲ್ಲ.

ಕ್ಯಾವೆಂಡಿಶ್ ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವರು, 1985ರ ಮೇ 21ರಂದು ಹುಟ್ಟಿದವರು. ಟೂರ್ ಡಿ ಫ್ರಾನ್ಸ್ ಎಂದರೆ ಮೂರು ವಾರದ ಓಟ, ದಿನಕ್ಕೊಂದು ಹಂತ, ಪ್ರತಿ ಹಂತಕ್ಕೂ ಒಬ್ಬ ವಿಜೇತ. ಅದರಲ್ಲಿ ಅವರು ಮೊದಲ ಸಲ ಒಂದು ಹಂತ ಗೆದ್ದದ್ದು 2008ರಲ್ಲಿ, ಶಾತೊರೂ ಎಂಬ ಊರಿನಲ್ಲಿ. ಮುಂದಿನ ವರ್ಷ ಒಂದೇ ಟೂರ್‌ನಲ್ಲಿ ಆರು ಹಂತ. 2016ರ ಹೊತ್ತಿಗೆ ಒಟ್ಟು ಮೂವತ್ತಾಯಿತು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಅವರ 34 ಹಂತ ಗೆದ್ದ ದಾಖಲೆಗೆ ನಾಲ್ಕೇ ಬಾಕಿ. ಅಲ್ಲಿಂದ ಇಳಿಜಾರು ಶುರುವಾಯಿತು. 2017ರಲ್ಲಿ ಎಪ್‌ಸ್ಟೀನ್‌-ಬಾರ್ ವೈರಸ್ಸಿನ ಸೋಂಕು ಮೈಯನ್ನು ಹಿಂಡಿತು, ಅದೇ ವರ್ಷ ಟೂರ್‌ನಲ್ಲಿ ಬಿದ್ದು ಭುಜದ ಮೂಳೆ ಮುರಿಯಿತು. 2018ರಲ್ಲಿ ಆಲ್ಪ್ಸ್ ಬೆಟ್ಟದ ಹಂತವೊಂದರಲ್ಲಿ ನಿಗದಿತ ಸಮಯದೊಳಗೆ ಗೆರೆ ಮುಟ್ಟಲಾಗದೆ ಮನೆಗೆ ಹೋದರು. ಆ ವರ್ಷವೇ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದನ್ನು ಮುಂದೆ ಅವರೇ ಬಹಿರಂಗವಾಗಿ ಹೇಳಿಕೊಂಡರು. 2019, 2020ರ ಟೂರ್‌ಗೆ ಅವರನ್ನು ಆರಿಸಲೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಒಂದು ಓಟ ಮುಗಿಸಿ ಟಿವಿ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿ, ಇದೇ ನನ್ನ ಕೊನೆಯ ಓಟ ಇರಬಹುದು ಎಂದರು.

2021ಕ್ಕೆ ಹಳೆಯ ತಂಡ ಕನಿಷ್ಠ ಸಂಬಳಕ್ಕೆ ವಾಪಸು ಕರೆದುಕೊಂಡಿತು. ಟೂರ್‌ಗೆ ಹೋಗಬೇಕಿದ್ದ, ಕೊನೆಯ ಕೆಲವು ನೂರು ಮೀಟರ್ ಅತಿ ವೇಗದಲ್ಲಿ ತುಳಿದು ಗೆಲ್ಲುವ ಸ್ಪ್ರಿಂಟರ್‌ಗೆ ಮೊಣಕಾಲು ನೋವು ಬಂದದ್ದರಿಂದ ಕೊನೆ ಗಳಿಗೆಯಲ್ಲಿ ಅವರಿಗೆ ಅವಕಾಶ ಸಿಕ್ಕಿತು. ನಾಲ್ಕು ಹಂತ ಗೆದ್ದರು. ಅದರಲ್ಲಿ ಒಂದು ಅದೇ ಶಾತೊರೂ ಊರಿನಲ್ಲಿ, ಹದಿಮೂರು ವರ್ಷದ ಮೇಲೆ. ಮೆರ್ಕ್ಸ್ ದಾಖಲೆ ಸರಿಸಮವಾಯಿತು.

ಇಷ್ಟಾದರೂ 2022ರಲ್ಲಿ ಅದೇ ತಂಡ ಅವರನ್ನು ಟೂರ್‌ಗೆ ಒಯ್ಯಲಿಲ್ಲ. ಅವರ ಬದಲು 25 ವರ್ಷದ ಫಾಬಿಯೊ ಯಾಕೊಬ್ಸನ್ ಹೋದರು, ಎರಡನೇ ಹಂತವನ್ನೇ ಗೆದ್ದರು. ಇಲ್ಲಿ ನಾನು ಕಳೆದ ವಾರದ ಪತ್ರದವರ ಜೊತೆ ನಿಲ್ಲುತ್ತೇನೆ. ಆ ಆಯ್ಕೆ ಸರಿಯಾಗಿತ್ತು. ಆ ವರ್ಷ ಯಾಕೊಬ್ಸನ್ ವೇಗದವರು, ವೇಗದವರು ಹೋಗಬೇಕು. ನಾನು ವಾದಿಸುತ್ತಿರುವುದು ಹಿರಿಯರಿಗೆ ರಿಯಾಯಿತಿ ಕೊಡಿ ಎಂದಲ್ಲ. ಗಡಿಯಾರ ನೋಡಿ ಆರಿಸಿ, ಜನ್ಮದಿನಾಂಕ ನೋಡಿ ಅಲ್ಲ ಎಂದು. 2022ರಲ್ಲಿ ಗಡಿಯಾರ ಯುವಕನ ಕಡೆಗಿತ್ತು. 1990ರಲ್ಲಿ ನಮ್ಮ ಟ್ರಯಲ್‌ನಲ್ಲಿ ಅದು ನನ್ನ ಕಡೆಗಿತ್ತು.

2023ರ ಮೇನಲ್ಲಿ ಕ್ಯಾವೆಂಡಿಶ್ ಈ ವರ್ಷವೇ ಕೊನೆ ಎಂದು ಘೋಷಿಸಿದರು. ಆ ಟೂರ್‌ನ ಏಳನೇ ಹಂತ ಬೋರ್ಡೊ ನಗರದಲ್ಲಿ, ಗೆರೆ ಕಣ್ಣಿಗೆ ಕಾಣುತ್ತಿದೆ, ಮುಂದೆ ಯಾರೂ ಇಲ್ಲ, ಅಷ್ಟರಲ್ಲಿ ಗೇರು ಜಾರಿತು. ಯಾಸ್ಪರ್ ಫಿಲಿಪ್ಸನ್ ದಾಟಿ ಹೋದರು. ಮರುದಿನ ಬಿದ್ದು ಕೊರಳೆಲುಬು ಮುರಿಯಿತು. ಚೈನು ಜಾರಿದಾಗ ಕಾಲ ಕೆಳಗೆ ಪೆಡಲ್ಲು ಒಮ್ಮೆಲೇ ಪೊಳ್ಳಾಗುತ್ತದಲ್ಲ, ಮೆಟ್ಟಿಲು ಇದೆಯೆಂದು ಕತ್ತಲಲ್ಲಿ ಕಾಲಿಟ್ಟು ಇಲ್ಲದಾಗ ಎದೆ ಧಸಕ್ಕೆನ್ನುವ ಹಾಗೆ, ಅದು ತುಳಿದವರಿಗೆ ಮಾತ್ರ ಗೊತ್ತು. 38ನೇ ವಯಸ್ಸಿನಲ್ಲಿ ಅದನ್ನು ನೆನಪಿನಲ್ಲಿಟ್ಟುಕೊಂಡು, ಎಲುಬು ಕೂಡಿದ ಮೇಲೆ, ನಿವೃತ್ತಿಯ ಮಾತು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಚಳಿಗಾಲ ಅಭ್ಯಾಸ ಮಾಡುತ್ತೇನೆ ಎಂದರು. ಇದನ್ನು ‘ದಾಖಲೆಯ ಆಸೆ’ ಎಂಬ ಎರಡು ಪದದಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

2024ರ ಟೂರ್ ಇಟಲಿಯ ಫ್ಲಾರೆನ್ಸ್‌ನಲ್ಲಿ ಶುರುವಾಯಿತು. ಮೊದಲ ದಿನವೇ ಬೆಟ್ಟದ ಮೇಲೆ ಬೆಟ್ಟ, ಉರಿ ಬಿಸಿಲು. ಕ್ಯಾವೆಂಡಿಶ್ ಸೈಕಲ್ ಮೇಲೆಯೇ ವಾಂತಿ ಮಾಡಿಕೊಂಡರು, ಗುಂಪಿನಿಂದ ಕಳಚಿ ಹಿಂದೆ ಬಿದ್ದರು. ತಂಡದವರು ಅವರಿಗಾಗಿ ನಿಂತು, ಸುತ್ತುಗಟ್ಟಿ, ಗಾಳಿ ತಡೆದು, ಸಮಯದ ಮಿತಿಯೊಳಗೆ ಗೆರೆ ದಾಟಿಸಿದರು. ಆ ತಂಡದಲ್ಲಿ ಡೆನ್ಮಾರ್ಕ್‌ನ ಮೈಕೆಲ್ ಮೊರ್ಕೊವ್ ಕೂಡ ಇದ್ದರು, ಅವರಿಗೂ 39. ಅಂದು ಟಿವಿ ನೋಡಿದವರು ಬಹಳ ಮಂದಿ ಮುದುಕನ ಆಟ ಮುಗಿಯಿತು ಎಂದಿರಬೇಕು. ಆದರೆ ಅದೇ ದಿನ ಗೆದ್ದವರು ಯಾರು ಗೊತ್ತೇ? ಫ್ರಾನ್ಸಿನ ರೊಮೆನ್ ಬಾರ್ಡೆ, 33 ವರ್ಷ. ಅದು ಅವರ ಕೊನೆಯ ಟೂರ್. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವರು ತೊಡುವ ಹಳದಿ ಅಂಗಿ ಮೊದಲ ಸಲ ಮೈಗೆ ಏರಿದ್ದೂ ಅಂದೇ. ಅವರನ್ನು ಗೆರೆಯವರೆಗೆ ಎಳೆದು ತಂದವನು ಅವರದೇ ತಂಡದ, ಅದೇ ಮೊದಲ ಸಲ ಟೂರ್‌ಗೆ ಬಂದಿದ್ದ 23ರ ಹುಡುಗ, ಫ್ರಾಂಕ್ ವಾನ್ ಡೆನ್ ಬ್ರೂಕ್. ಹಿರಿಯ, ಕಿರಿಯ ಇಬ್ಬರೂ ಒಟ್ಟಿಗೆ ಗೆರೆ ದಾಟಿದರು, ಹಿರಿಯ ಮೊದಲು, ಕಿರಿಯ ಎರಡನೆಯವ. ಆ ಹುಡುಗನ ಮುಖ ನೋಡಿದ್ದರೆ, ತನ್ನ ಜಾಗ ಯಾರೋ ಕಸಿದರು ಎಂಬ ಭಾವ ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಜುಲೈ 2ರಂದು ಗಾಲಿಬಿಯೆ ಕಣಿವೆ ದಾರಿ. ಸಮುದ್ರಮಟ್ಟದಿಂದ 2,642 ಮೀಟರ್ ಎತ್ತರ. ಸ್ಪ್ರಿಂಟರ್‌ಗಳಿಗೆ ಅದು ಶಿಕ್ಷೆ. ಮರುದಿನ ಜುಲೈ 3, ಸೇಂಟ್ ವುಲ್ಬಾಸ್ ಊರಿಗೆ 177 ಕಿ.ಮೀ. ಹಂತ.

ನಮ್ಮಲ್ಲಿ ಆಗ ರಾತ್ರಿ ಊಟದ ಹೊತ್ತು. ಮಗ ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟಿದ್ದ. ಕೊನೆಯ ಒಂದು ಕಿಲೋಮೀಟರಿನಲ್ಲಿ ಕ್ಯಾವೆಂಡಿಶ್ ಒಬ್ಬರ ಹಿಂದಿನ ಗಾಲಿಯಿಂದ ಇನ್ನೊಬ್ಬರ ಹಿಂದಿನ ಗಾಲಿಗೆ ದಾಟುತ್ತ ದಾಟುತ್ತ ಮುಂದೆ ಬಂದರು. ನಾನು ಕೈಯಲ್ಲಿ ರೊಟ್ಟಿಯ ತುತ್ತು ಹಿಡಿದು ಹಾಗೇ ಕೂತಿದ್ದೆ. ಒಂದು ಕಿಂಡಿ ತೆರೆಯಿತು. ಬೆನ್ನು ಬಗ್ಗಿಸಿ, ಮೂಗು ಹ್ಯಾಂಡಲ್ಲಿಗೆ ತಾಗುವಷ್ಟು ತಲೆ ತಗ್ಗಿಸಿ, ಎಲ್ಲರಿಗಿಂತ ಮೊದಲು ಎದ್ದು ಹೊರಟರು. ಯಾರೂ ಹತ್ತಿರ ಬರಲಿಲ್ಲ. ಎರಡನೆಯವರು ಫಿಲಿಪ್ಸನ್, 26 ವರ್ಷ. ಮೂರನೆಯವರು ನಾರ್ವೆಯ ಅಲೆಕ್ಸಾಂಡರ್ ಕ್ರಿಸ್ಟಾಫ್, ಅವರಿಗೆ 37 ತುಂಬಲು ಎರಡೇ ದಿನ ಬಾಕಿ. ಮೂವತ್ತೈದನೇ ಗೆಲುವು. ಮೆರ್ಕ್ಸ್ ದಾಖಲೆ ಮುರಿಯಿತು. ಹೆಂಡತಿ, ಮಕ್ಕಳು ಬಂದು ತಬ್ಬಿಕೊಂಡರು. ಸೋತವರು ಒಬ್ಬೊಬ್ಬರೇ ಬಂದು ಬೆನ್ನು ತಟ್ಟಿ ಹೋದರು. ನನ್ನ ಮನೆಯವಳಿಗೆ ಸೈಕಲ್ ಓಟದ ಹುಚ್ಚಿಲ್ಲ. ಅವಳು ನನ್ನ ಮುಖ ನೋಡಿ, “ಗೆದ್ದವರು ಅವರು, ನೀವ್ಯಾಕ ಅಳಾಕತ್ತೀರಿ?” ಎಂದಳು.

ಅಳು ಬಂದದ್ದು ಯಾಕೆಂದು ಅವತ್ತು ನನಗೂ ಹೇಳಲಾಗಲಿಲ್ಲ. ಈಗ ಹೇಳಬಲ್ಲೆ. ಹತ್ತು ತಂಡಗಳ ಜಾಣರು, ವೈದ್ಯರು, ಪತ್ರಕರ್ತರು ‘ಆಯಿತು, ಬಿಡು’ ಎಂದರೂ ಅವರು ಬಿಡಲಿಲ್ಲ. ನನಗೆ ಒಬ್ಬರೇ ಹೇಳಿದ್ದರು. ನಾನು ಬಿಟ್ಟೆ.

ಆದರೆ ಪ್ರೀತಿ ಬೇರೆ, ಲೆಕ್ಕ ಬೇರೆ. ವಯಸ್ಸು ಏನೂ ಮಾಡುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. ಬಿಡದೆ ಅಭ್ಯಾಸ ಮಾಡಿದವರಿಗೆ ಆ ಇಳಿತ ನಿಧಾನ, ಆದರೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದಣಿದ ಕಾಲು ಮತ್ತೆ ಚೇತರಿಸಿಕೊಳ್ಳಲು ಹಿಡಿಯುವ ಹೊತ್ತು ಉದ್ದವಾಗುತ್ತದೆ. ಮೂರು ವಾರ ದಿನವೂ ನೂರೈವತ್ತು, ಇನ್ನೂರು ಕಿಲೋಮೀಟರ್ ತುಳಿದು, ಎಲ್ಲ ದಿನಗಳ ಸಮಯ ಕೂಡಿಸಿ ಗೆಲ್ಲಬೇಕಾದ ಒಟ್ಟಾರೆ ಸ್ಪರ್ಧೆಯಲ್ಲಿ ಇದೇ ನಿರ್ಣಾಯಕ. ಅದಕ್ಕೇ ಟೂರ್ ಡಿ ಫ್ರಾನ್ಸ್ ಗೆದ್ದ ಅತಿ ಹಿರಿಯ ಎಂಬ ದಾಖಲೆ ಇಂದಿಗೂ 1922ರಲ್ಲಿ 36ನೇ ವಯಸ್ಸಿಗೆ ಗೆದ್ದ ಫಿರ್ಮಿನ್ ಲಾಂಬೊ ಅವರ ಹೆಸರಲ್ಲೇ ಇದೆ. ನೂರು ವರ್ಷ ದಾಟಿತು, ಯಾರಿಗೂ ಮುರಿಯಲಾಗಿಲ್ಲ. ಇಟಲಿಯ ಜಿರೊ ಎಂಬ ಮೂರು ವಾರದ ಓಟದ್ದು ಇನ್ನೂ ಕಡಿಮೆ: 1955ರಲ್ಲಿ 34ರ ಫಿಯೊರೆಂಜೊ ಮಾನ್ಯಿ.

ಜೊತೆಗೆ ಈ ಕಾಲದ ಇನ್ನೊಂದು ಮಾತಿದೆ. ನಮ್ಮ ಕಾಲದಲ್ಲಿ ಸೈಕಲ್ ಓಟಗಾರ ಪಕ್ವವಾಗುವುದು 28ಕ್ಕೆ, ಮೂವತ್ತಕ್ಕೆ ಎನ್ನುತ್ತಿದ್ದರು. ಎಷ್ಟು ತುಳಿಯಬೇಕು, ಯಾವಾಗ ತಿನ್ನಬೇಕು, ಯಾವ ಏರಿಯಲ್ಲಿ ಉಸಿರು ಉಳಿಸಿಕೊಳ್ಳಬೇಕು ಎಂಬುದನ್ನು ಸೋತು ಸೋತು ಕಲಿಯಬೇಕಿತ್ತು. ಈಗ ಪೆಡಲ್ಲಿಗೆ ಹೊಂದಿಸಿದ ಪವರ್ ಮೀಟರ್ ಪ್ರತಿ ತುಳಿತದ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. ಗಂಟೆಗೆ ಎಷ್ಟು ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು ಎಂದು ಹದಿನೆಂಟರ ಹುಡುಗನಿಗೂ ಗೊತ್ತು. ಹಿರಿಯರ ಕೈಯಲ್ಲಿದ್ದ ಗುಟ್ಟು ಹೀಗೆ ಎಲ್ಲರ ಕೈಗೂ ಬಂತು. ಸ್ಲೊವೇನಿಯಾದ ತಾದೇಯ್ ಪೊಗಾಚಾರ್ 2020ರ ಟೂರ್ ಗೆದ್ದಾಗ ಅವರಿಗೆ 22 ತುಂಬಲು ಒಂದು ದಿನ ಬಾಕಿಯಿತ್ತು. ಹಾಗಾಗಿ ಇವತ್ತಿನ 37ರ ಸವಾರ ಎದುರಿಸುತ್ತಿರುವುದು ಬರೀ ಎಳೆಯ ಕಾಲುಗಳನ್ನಲ್ಲ, ಎಳೆಯ ವಯಸ್ಸಿನಲ್ಲೇ ಅನುಭವಿಯಾದವರನ್ನು. ಇದು ಹಿಂದಿನ ಹಿರಿಯರಿಗೆ ಇರದಿದ್ದ ಕಷ್ಟ.

ಆದರೂ ನೋಡಿ. 2023ರ ಜಿರೊದಲ್ಲಿ ಕೊನೆಗೆ ಎರಡೇ ದಿನ ಉಳಿದಿದ್ದಾಗ ಅಲ್ಲಿ ಮುಂದಿರುವವರು ತೊಡುವ ಗುಲಾಬಿ ಅಂಗಿ ಇದ್ದದ್ದು ಬ್ರಿಟನ್ನಿನ ಗೆರೈಂಟ್ ಥಾಮಸ್ ಮೈಮೇಲೆ. ಆ ವಾರವೇ ಅವರಿಗೆ 37 ತುಂಬಿತ್ತು. ಮೊಂಟೆ ಲುಸ್ಸಾರಿ ಬೆಟ್ಟ ಹತ್ತುವ ಒಂಟಿ ಓಟದಲ್ಲಿ, ಮಧ್ಯದಲ್ಲಿ ತಮ್ಮ ಚೈನು ಕಳಚಿದರೂ ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಆ ಅಂಗಿಯನ್ನು ಕಸಿದುಕೊಂಡರು. ಕೊನೆಗೆ ಅಂತರ 14 ಸೆಕೆಂಡು. ಆ ರೊಗ್ಲಿಚ್‌ಗೂ ಆಗ 33. ಮೂರು ವಾರದ ಓಟದಲ್ಲಿ ಹದಿನಾಲ್ಕು ಸೆಕೆಂಡು ಎಂದರೆ ಬಾಟಲಿ ಎತ್ತಿ ನೀರು ಕುಡಿದು ಮತ್ತೆ ಅದರ ಗೂಡಿಗೆ ಇಡುವಷ್ಟು ಹೊತ್ತು.

ಒಂದೇ ದಿನದ ಓಟದಲ್ಲಂತೂ ಬಾಗಿಲು ಇನ್ನೂ ಅಗಲ. 1985ರಲ್ಲಿ ಹಾಲೆಂಡಿನ ಯೋಪ್ ಜೂಟೆಮೆಲ್ಕ್ 38ಕ್ಕೆ ವಿಶ್ವ ಚಾಂಪಿಯನ್ ಆದರು. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಎಂಬ ಹೆಣ್ಣುಮಗಳು 2008ರಲ್ಲಿ ಒಲಿಂಪಿಕ್ಸ್ ಟೈಮ್ ಟ್ರಯಲ್ (ಗಡಿಯಾರದ ಎದುರು ಒಬ್ಬೊಬ್ಬರೇ ತುಳಿಯುವ ಓಟ) ಚಿನ್ನ ಗೆದ್ದು ನಿವೃತ್ತರಾದರು, ತಾಯಿಯಾದರು, ಮರಳಿ ಬಂದು 2012ರಲ್ಲಿ ಗೆದ್ದರು, ಮತ್ತೆ ನಿವೃತ್ತರಾದರು, ಮತ್ತೆ ಬಂದರು. 2016ರ ಆಗಸ್ಟ್ 10ರಂದು ರಿಯೊದಲ್ಲಿ ಮಳೆ ಸುರಿಯುತ್ತಿದ್ದ ರಸ್ತೆಯಲ್ಲಿ ಮೂರನೇ ಚಿನ್ನ. ಮರುದಿನ ಅವರಿಗೆ 43 ತುಂಬಿತು. ಈ ಹೆಸರನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವವರು ಬೇಕು. ಮದುವೆ ಎಂದರೆ ಸೈಕಲ್ ಮುಗಿಯಿತು ಎಂದು ನಂಬಿ ಕಿಟ್ ಬ್ಯಾಗನ್ನು ಅಟ್ಟಕ್ಕೇರಿಸಿದ ಪದಕ ವಿಜೇತೆಯರನ್ನು ನಾನು ಟಪಾಲು ಕೊಡಲು ಹೋದ ಮನೆಗಳಲ್ಲೇ ನೋಡಿದ್ದೇನೆ.

ಇನ್ನು ಕೆಲವು ಹೆಸರುಗಳನ್ನು ನಾನು ಇದೇ ಉಸಿರಿನಲ್ಲಿ ಹೇಳಲಾರೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2009ರಲ್ಲಿ 37ನೇ ವಯಸ್ಸಿಗೆ ಮರಳಿ ಬಂದು ಟೂರ್‌ನಲ್ಲಿ ಮೂರನೆಯವರಾದಾಗ ನಾನೂ ಚಪ್ಪಾಳೆ ತಟ್ಟಿದ್ದೆ. 2012ರಲ್ಲಿ ಉದ್ದೀಪನ ಮದ್ದಿನ ಸತ್ಯ ಹೊರಬಂದು ಆ ಸ್ಥಾನವೂ, ಹಿಂದಿನ ಏಳು ಟೂರ್ ಗೆಲುವುಗಳೂ ಅಳಿಸಿಹೋದವು. 2012ರ ಒಲಿಂಪಿಕ್ಸ್ ರಸ್ತೆ ಓಟದ ಚಿನ್ನ ಗೆದ್ದ 38ರ ವಿನೊಕುರೊವ್, 2018ರಲ್ಲಿ 38ಕ್ಕೆ ವಿಶ್ವ ಚಾಂಪಿಯನ್ ಆದ ವಾಲ್ವೆರ್ಡೆ, ಇಬ್ಬರೂ ಅದಕ್ಕೂ ಮುಂಚೆ ಡೋಪಿಂಗ್ ಕಾರಣಕ್ಕೆ ನಿಷೇಧ ಅನುಭವಿಸಿದವರು. ಇದು ಈ ಕ್ರೀಡೆಗೆ ಅಂಟಿದ ಕಲೆ, ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಇವರಿಂದ ಪೆಟ್ಟು ತಿಂದವರು ಹುಡುಗರಷ್ಟೇ ಅಲ್ಲ. ಮದ್ದು ಮುಟ್ಟದೆ ತುಳಿಯುವ ಪ್ರತಿ ಹಿರಿಯ ಸವಾರನೂ ಗೆದ್ದ ದಿನ ಅನುಮಾನದ ಕಣ್ಣುಗಳನ್ನು ಎದುರಿಸಬೇಕಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೆರ್ಕ್ಸ್ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಪತ್ರದವರು ಅವರನ್ನು ‘ಸರಿಯಾದ ಸಮಯಕ್ಕೆ ಇಳಿದ’ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮೆರ್ಕ್ಸ್ ನಿವೃತ್ತರಾದದ್ದು 1978ರಲ್ಲಿ, ಇನ್ನೂ 33 ತುಂಬಿರಲಿಲ್ಲ. ಅವರು ಯಾರಿಗೂ ಜಾಗ ಬಿಟ್ಟು ಇಳಿದವರಲ್ಲ. ವಸಂತದಿಂದ ಶರತ್ಕಾಲದವರೆಗೆ ಸಿಕ್ಕ ಪ್ರತಿ ಓಟವನ್ನೂ ಗೆಲ್ಲಲೆಂದೇ ತುಳಿದು ದೇಹವನ್ನು ಬತ್ತಿಸಿಕೊಂಡವರು. 1975ರಲ್ಲಿ ಬೆಟ್ಟ ಹತ್ತುವಾಗ ಪ್ರೇಕ್ಷಕನೊಬ್ಬ ಹೊಟ್ಟೆಗೆ ಗುದ್ದಿದ, ಆ ಟೂರ್‌ನಲ್ಲಿ ಎರಡನೆಯವರಾದರು, ಮತ್ತೆ ಯಾವ ಟೂರನ್ನೂ ಗೆಲ್ಲಲಿಲ್ಲ. ಅವರು 32ಕ್ಕೆ ಮುಗಿದರು, ಕ್ಯಾವೆಂಡಿಶ್ 39ಕ್ಕೆ ಗೆದ್ದರು. ಹುಟ್ಟಿದ ವರ್ಷದಿಂದ ಎಣಿಸಿದರೆ ಈ ಲೆಕ್ಕ ಹೊಂದುವುದೇ ಇಲ್ಲ. ಮೈ ಎಷ್ಟು ದುಡಿದಿದೆ, ಎಷ್ಟು ವಿಶ್ರಾಂತಿ ಸಿಕ್ಕಿದೆ, ಹಿಂದೆ ಎಂಥ ತಂಡ ಇದೆ, ಇವುಗಳಿಂದ ಎಣಿಸಬೇಕು. ಕ್ಯಾವೆಂಡಿಶ್ ಇಡೀ ವರ್ಷವನ್ನು ಒಂದೇ ಗೆರೆಗೆ ಮೀಸಲಿಟ್ಟರು. ಹುಡುಗರ ಕಾಲಿನಲ್ಲಿ ಅವರಿಗಿಂತ ಹೆಚ್ಚು ಶಕ್ತಿ ಇದ್ದಿರಬಹುದು. ಆ ಕಿಂಡಿ ತೆರೆಯುತ್ತದೆ ಎಂದು ತೆರೆಯುವ ಮೊದಲೇ ಗೊತ್ತಿದ್ದದ್ದು ಅವರಿಗೆ.

ಆ ‘ಗೊತ್ತಿರುವುದು’ ಎಂದರೆ ಏನು ಎಂದು ನನ್ನ ಅಳತೆಯಲ್ಲಿ ಹೇಳುತ್ತೇನೆ. ನನಗೆ 44 ಆದಾಗ, ಟಪಾಲು ಹಂಚಲು ಹೋಗುತ್ತಿದ್ದ ಒಂದು ಹಳ್ಳಿಯ ಜಾತ್ರೆಯಲ್ಲಿ ಇಂಡಿಯನ್ ಮೇಕ್, ಅಂದರೆ ಇಲ್ಲೇ ತಯಾರಾದ ಸಾದಾ ಸೈಕಲ್ಲಿನ, ಶರ್ಯತ್ತು ಇಟ್ಟಿದ್ದರು. ಊರವರು ಒತ್ತಾಯ ಮಾಡಿ, “ಪೋಸ್ಟ್ ಕಾಕಾ ಬರಲಿ” ಎಂದು ಹೆಸರು ಬರೆಸಿದರು. ಹದಿನೇಳು ವರ್ಷದಿಂದ ಶರ್ಯತ್ತಿಗೆ ನಿಂತಿರಲಿಲ್ಲ. ಚೀಲ ಕಟ್ಟುವ ಕ್ಯಾರಿಯರ್ ಬಿಚ್ಚಿ, ಚೈನಿಗೆ ಎಣ್ಣೆ ಹಾಕಿ, ಅದೇ ಟಪಾಲು ಸೈಕಲ್ಲು ತಂದೆ. ಹುಡುಗರು ಹಲಗೆ ಬಡಿತಕ್ಕೆ ಮೈದುಂಬಿ ಶುರುವಿನಿಂದಲೇ ಎದ್ದು ತುಳಿದರು. ನಾನು ರಸ್ತೆ ಪಕ್ಕದ ಬಿಳಿಜೋಳದ ಹೊಲ ನೋಡುತ್ತಿದ್ದೆ. ತೆನೆಗಳೆಲ್ಲ ಎಡದಿಂದ ಬಲಕ್ಕೆ ಬಾಗಿದ್ದವು. ಗಾಳಿ ಎಡಗಡೆಯಿಂದ. ಅಂದರೆ ಮುಂದಿನವನ ನೇರ ಹಿಂದೆ ಕೂತರೆ ಆಸರೆ ಸಿಗುವುದಿಲ್ಲ, ಸ್ವಲ್ಪ ಬಲಕ್ಕೆ ಸರಿದು, ಅವನ ಹಿಂದಿನ ಗಾಲಿಯ ಪಕ್ಕಕ್ಕೆ ನನ್ನ ಮುಂದಿನ ಗಾಲಿ ಬರಬೇಕು. ಹುಡುಗರೆಲ್ಲ ಸಾಲಾಗಿ ಗಾಳಿ ತಿನ್ನುತ್ತಿದ್ದರು, ನಾನೊಬ್ಬ ಮರೆಯಲ್ಲಿದ್ದೆ. ಹಳ್ಳದ ಸೇತುವೆ ದಾಟಿ ರಸ್ತೆ ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು, ಆಗ ಎದ್ದೆ. ಮೂವತ್ತು ಮಂದಿಯಲ್ಲಿ ಮೂರನೆಯವನಾದೆ. ಕೊನೆಯ ಇನ್ನೂರು ಮೀಟರಿನಲ್ಲಿ ಇಬ್ಬರು ಹುಡುಗರು ನನ್ನನ್ನು ದಾಟಿದರು. ಅಲ್ಲಿ ವಯಸ್ಸು ಮಾತಾಡಿತು. ಉಳಿದ ಇಪ್ಪತ್ತೇಳು ಮಂದಿ ದಾಟಲಿಲ್ಲ. ಬಹುಮಾನಕ್ಕೆ ಬಂದ ಸ್ಟೀಲ್ ಕೊಡ ಇಂದಿಗೂ ನಮ್ಮ ಮನೆಯಲ್ಲಿ ನೀರಿಗಿದೆ. ಗೆದ್ದ ಹುಡುಗ ಆಮೇಲೆ ಬಂದು, “ಕಾಕಾ, ನೀವು ಯಾಕ ವಾರಿಯಾಗಿ ಕುಂತಿದ್ರಿ?” ಎಂದು ಕೇಳಿದ. ತೆನೆ ತೋರಿಸಿದೆ. ಮುಂದಿನ ವರ್ಷದ ಶರ್ಯತ್ತಿನಲ್ಲಿ ಅವನೂ ವಾರಿಯಾಗಿ ಕುಳಿತಿದ್ದ.

ಇದಕ್ಕಾಗಿಯೇ ನಾನು ಈ ಪತ್ರ ಬರೆದದ್ದು. ಹಿರಿಯ ಸವಾರ ಓಟದಲ್ಲಿ ಉಳಿದರೆ ಕಿರಿಯನ ಜಾಗ ಹೋಗುತ್ತದೆ ಎನ್ನುವವರು, ಕಿರಿಯನು ಯಾರ ಹಿಂದಿನ ಗಾಲಿ ನೋಡಿ ಕಲಿಯಬೇಕು ಎಂಬುದನ್ನೂ ಹೇಳಬೇಕು. ಟೂರ್ ತಂಡದಲ್ಲಿ ಎಂಟೇ ಮಂದಿ, ಒಬ್ಬ ಹಿರಿಯನಿದ್ದರೆ ಒಂದು ಸ್ಥಾನ ಹೋಯಿತು ಎಂಬುದು ನಿಜ. ಆದರೆ ನಮ್ಮ ಹುಡುಗರ ತೊಂದರೆ ಅದಲ್ಲ. ನಮ್ಮಲ್ಲಿ ಹಿರಿಯರು ಜಾಗ ಹಿಡಿದು ಕೂತಿಲ್ಲ, ಹಿರಿಯರೇ ಇಲ್ಲ. ಇಪ್ಪತ್ತೈದರೊಳಗೆ ಎಲ್ಲರೂ ಇಳಿದಿರುತ್ತಾರೆ. ನೌಕರಿ ಸಿಕ್ಕರೆ ನೌಕರಿಗಾಗಿ, ಸಿಗದಿದ್ದರೆ ಸಿಗಲಿಲ್ಲವೆಂದು. ಒಳ್ಳೆಯ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅಭ್ಯಾಸ. ಇದರ ಮೇಲೆ ‘ನಿನಗೆ ವಯಸ್ಸಾಯಿತು’ ಎಂಬ ಮಾತೂ ಬಿದ್ದರೆ ಯಾವ ಕಾಲು ತುಳಿದೀತು?

ನಮ್ಮ ಓಣಿಯಲ್ಲಿ ಹದಿನಾರರ ಒಬ್ಬ ಹುಡುಗಿ ಇದ್ದಾಳೆ, ರಾಜ್ಯಮಟ್ಟದ ಕೂಟಕ್ಕೆ ತಯಾರಿ ನಡೆಸಿದ್ದಾಳೆ. ರವಿವಾರ ಅವಳ ಜೊತೆ ನಾನೂ ಹೋಗುತ್ತೇನೆ, ಮಗ ಕೊಡಿಸಿದ ಗೇರ್ ಸೈಕಲ್ ಮೇಲೆ. ಅವಳು ಹೊರ್ತಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನಾನು ಅರ್ಧ ದಾರಿಗೆ ಬಂದಿರುತ್ತೇನೆ, ಅಲ್ಲಿಂದ ಊರಿನವರೆಗೆ ಒಟ್ಟಿಗೆ ಬರುತ್ತೇವೆ. ಮೊನ್ನೆ ಎದುರುಗಾಳಿ ಜೋರಿತ್ತು. ನಾನು ಮುಂದೆ ಬಂದು ಗಾಳಿ ತಡೆದೆ, ಎರಡು ಕಿಲೋಮೀಟರು ಆದ ಮೇಲೆ ಮೊಣಕೈ ಅಲ್ಲಾಡಿಸಿ ಸರಿದೆ. ಅವಳು ಮುಂದೆ ಹೋಗುತ್ತ, ತಿರುಗಿ ನೋಡದೆಯೇ, “ಅಜ್ಜಾ, ಬಲಕ್ಕ ಬರ್ರಿ, ಗಾಳಿ ವಾರಿ ಐತಿ” ಎಂದಳು. ಹೊಲದ ಕಡೆ ನೋಡಿದೆ. ಹೌದು, ತೆನೆಗಳು ಬಲಕ್ಕೇ ಬಾಗಿದ್ದವು.

ಕೊನೆಯದಾಗಿ, ನಿಮ್ಮ ಪತ್ರಿಕೆಯ ಮೂಲಕ ನಮ್ಮ ಭಾಗದ ಜಾತ್ರಾ ಸಮಿತಿಯವರಲ್ಲಿ ಒಂದು ವಿನಂತಿ. ಬರುವ ಸಂಕ್ರಮಣಕ್ಕೆ ಸೈಕಲ್ ಶರ್ಯತ್ತು ಇಡುವವರು ಹೆಸರು ಬರೆಸುವ ಫಾರಂನಲ್ಲಿ ವಯಸ್ಸಿನ ಮೇಲ್ಮಿತಿಯ ಸಾಲು ಹಾಕಬೇಡಿ. ಇಂಡಿಯನ್ ಮೇಕ್ ವಿಭಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಿ, ಪ್ರವೇಶ ಶುಲ್ಕ ಮುಂಗಡವಾಗಿಯೇ ಕೊಡುತ್ತೇನೆ. ನನ್ನನ್ನು ಮೇಲ್ಮಿತಿಯ ಕಾರಣಕ್ಕೆ ಈ ಹಿಂದೆ ವಾಪಸು ಕಳಿಸಿದವರ ಮೇಲೂ ಮುನಿಸಿಲ್ಲ, ಈ ಸಲ ಗೆರೆಯ ಮೇಲೆ ನಿಲ್ಲಲು ಬಿಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪೋಸ್ಟ್‌ಮನ್, ವಿಜಯಪುರ